ತೇಪೆಯ ಕೆಳಗಣ ಬಿರುಕು: ವಿಮಾನಾಂಗಗಳ ದುರಸ್ತಿಯಲ್ಲಿ ದೋಷಶೋಧನೆಯ ಚರಿತ್ರೆ

೧

ಕುಂಬಾರನಲ್ಲಿ ಗಡಿಗೆಯನ್ನು ಕೊಳ್ಳುವವರು ಅದನ್ನು ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ನಮ್ಮ ನಾಡಿನ ಹಳೆಯ ವಾಡಿಕೆ. ಗಡಿಗೆಯು ಗಟ್ಟಿಯಾಗಿದ್ದರೆ ನಾದವು ತುಂಬಿ ಬರುವುದು. ಕಣ್ಣಿಗೆ ಕಾಣದ ಸೀಳಿದ್ದರೆ ದನಿಯು ಒಡೆದು ಕೇಳುವುದು. ವಸ್ತುವನ್ನು ಕೆಡಿಸದೆ ಅದರ ಒಡಲಿನ ದೋಷವನ್ನು ತಿಳಿಯುವ ಉಪಾಯಗಳಲ್ಲಿ ಇದಕ್ಕಿಂತ ಸರಳವಾದುದು ಇನ್ನೊಂದಿಲ್ಲ. ವಿಮಾನಗಳನ್ನು ದುರಸ್ತಿಮಾಡುವ ಕರ್ಮಾಗಾರಗಳಲ್ಲಿಯೂ ಇದೇ ಉಪಾಯವು ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ಬೆರಳಿಗೆ ಬದಲಾಗಿ ಒಂದು ನಾಣ್ಯವನ್ನೋ ಚಿಕ್ಕ ಸುತ್ತಿಗೆಯನ್ನೋ ಹಿಡಿದು ರೆಕ್ಕೆಯ ಹೊದಿಕೆಯನ್ನು ತಟ್ಟುವರು. ಅಂಟು ಬಿಟ್ಟಿರುವ ಜಾಗದಲ್ಲಿ ದನಿಯು ಮಂದವಾಗುವುದು.

ಆದರೆ ಗಡಿಗೆಗೂ ವಿಮಾನಕ್ಕೂ ಒಂದು ಮುಖ್ಯವಾದ ಭೇದವುಂಟು. ಒಡೆದ ಗಡಿಗೆಯನ್ನು ಬಿಸಾಡಿ ಬೇರೊಂದನ್ನು ತರಬಹುದು. ಬಿರುಕುಬಿಟ್ಟ ರೆಕ್ಕೆಯನ್ನು ಹಾಗೆ ಬಿಸಾಡಲಾಗದು. ಅದಕ್ಕೆ ತೇಪೆಯನ್ನು ಹಾಕಿ ಮತ್ತೆ ಹಾರಿಸಬೇಕಾಗುವುದು. ತೇಪೆಯು ದೋಷವನ್ನು ಮುಚ್ಚುವುದರ ಜೊತೆಗೆ ಅದನ್ನು ನೋಡುವ ದಾರಿಯನ್ನೂ ಮುಚ್ಚುವುದು. ಕಳೆದ ಅರ್ಧ ಶತಮಾನದಲ್ಲಿ ಈ ತೇಪೆಗಳಲ್ಲಿಯೇ ಸಂವೇದಕಗಳನ್ನಿಟ್ಟು, ಅವುಗಳಿಂದಲೇ ಅವುಗಳ ಕ್ಷೇಮವನ್ನು ತಿಳಿಯುವ ಪ್ರಯತ್ನಗಳು ಹೇಗೆ ಬೆಳೆದುವು, ಎಲ್ಲಿ ಸಫಲವಾದುವು, ಎಲ್ಲಿ ತಡೆದು ನಿಂತುವು ಎಂಬುದು ವಿಜ್ಞಾನದ ಇತಿಹಾಸದಲ್ಲಿ ವಿಚಾರಾರ್ಹವಾದ ಒಂದು ಅಧ್ಯಾಯವಾಗಿದೆ.

೨

ಅಂಟಿನಿಂದ ಲೋಹವನ್ನು ಕೂಡಿಸುವ ಕಲೆಯು ಎರಡನೆಯ ಮಹಾಯುದ್ಧದ ಕಾಲದ್ದು. ಇಂಗ್ಲೆಂಡಿನ ಡಕ್ಸ್‌ಫರ್ಡಿನಲ್ಲಿ ನಾರ್ಮನ್ ಡಿ ಬ್ರುಯ್ನ್ ಎಂಬ ವಿಜ್ಞಾನಿಯು ೧೯೪೧ರ ಸುಮಾರಿಗೆ 'ರಿಡಕ್ಸ್' ಎಂಬ ಅಂಟನ್ನು ಸಿದ್ಧಪಡಿಸಿದನು. ಡಿ ಹ್ಯಾವಿಲೆಂಡ್ ಸಂಸ್ಥೆಯ ಹಾರ್ನೆಟ್ ವಿಮಾನದಲ್ಲಿಯೂ, ತರುವಾಯ ಕಾಮೆಟ್ ವಿಮಾನದಲ್ಲಿಯೂ ಅದು ಉಪಯೋಗಕ್ಕೆ ಬಂದಿತು. ಇದೇ ಡಿ ಬ್ರುಯ್ನನು ಯುದ್ಧಕ್ಕೆ ಮುಂಚೆಯೇ ಅಗಸೆಯ ನಾರನ್ನು ರಾಳದಲ್ಲಿ ಅದ್ದಿ ಒತ್ತಿ, ವಿಮಾನಕ್ಕೆ ತಕ್ಕ ಒಂದು ಹಗುರವಾದ ವಸ್ತುವನ್ನು ಮಾಡಿದ್ದನು. ನಾರು ಬಲವನ್ನು ಕೊಡುವುದು. ರಾಳವು ನಾರುಗಳನ್ನು ಕೂಡಿಸಿ ಹಿಡಿಯುವುದು. ಈಗ 'ಕಾಂಪೋಸಿಟ್' ಎಂದು ಹೆಸರಾಗಿರುವ ಸಂಯೋಜಿತ ದ್ರವ್ಯಗಳ ತತ್ತ್ವವು ಇಷ್ಟೆ. ಜೇಡಿಮಣ್ಣಿಗೆ ಹುಲ್ಲನ್ನು ಬೆರಸಿ ಗೋಡೆಯನ್ನಿಡುವ ರೈತನಿಗೆ ಇದು ಹೊಸ ಸಂಗತಿಯಲ್ಲ.

ಅಗಸೆಯ ನಾರಿನ ಸ್ಥಾನಕ್ಕೆ ಮೊದಲು ಗಾಜಿನ ಎಳೆಯೂ, ೧೯೬೦ರ ದಶಕದಲ್ಲಿ ಬೋರಾನ್ ಮತ್ತು ಇಂಗಾಲದ ಎಳೆಗಳೂ ಬಂದುವು. ಇಂಗ್ಲೆಂಡಿನ ಫಾರ್ನ್‌ಬರೋ ಸಂಶೋಧನಾಲಯದಲ್ಲಿ ಬಲವಾದ ಇಂಗಾಲದ ಎಳೆಯು ಸಿದ್ಧವಾದುದು ಆ ದಶಕದಲ್ಲಿಯೇ. ೧೯೭೦ರ ಡಿಸೆಂಬರಿನಲ್ಲಿ ಮೊದಲು ಹಾರಿದ ಅಮೆರಿಕದ ಎಫ್-೧೪ ಯುದ್ಧವಿಮಾನದ ಬಾಲದ ಅಡ್ಡರೆಕ್ಕೆಗೆ ಬೋರಾನಿನ ಸಂಯೋಜಿತ ದ್ರವ್ಯದ ಹೊದಿಕೆಯಿದ್ದಿತು. ಹೀಗೆ ಅಂಟೂ ಎಳೆಯೂ ಕೈಗೆ ದೊರೆತ ಮೇಲೆ, ಹಳೆಯ ಲೋಹದ ವಿಮಾನಗಳ ಗಾಯಗಳಿಗೆ ಈ ಹೊಸ ದ್ರವ್ಯದಿಂದ ಪಟ್ಟಿಯನ್ನು ಕಟ್ಟಬಹುದೆಂಬ ಯೋಚನೆಯು ಹುಟ್ಟಿದುದು ಸಹಜವೇ ಆಗಿದೆ.

೩

ಆ ಯೋಚನೆಯನ್ನು ಶಾಸ್ತ್ರವನ್ನಾಗಿ ಬೆಳಸಿದ ಕೀರ್ತಿಯು ಆಸ್ಟ್ರೇಲಿಯಕ್ಕೆ ಸಲ್ಲತಕ್ಕುದು. ಮೆಲ್ಬರ್ನ್ ನಗರದ ಏರೋನಾಟಿಕಲ್ ರಿಸರ್ಚ್ ಲ್ಯಾಬೊರೇಟರೀಸ್ ಎಂಬ ಸಂಶೋಧನಾಲಯದಲ್ಲಿ ಅಲನ್ ಬೇಕರ್ ಮತ್ತು ಅವರ ಸಹೋದ್ಯೋಗಿಗಳು ೧೯೭೦ರ ದಶಕದ ಆರಂಭದಲ್ಲಿ ಈ ಕಾರ್ಯವನ್ನು ಕೈಗೊಂಡರು. ಆ ದೇಶದ ವಾಯುಸೇನೆಯು ತನ್ನ ವಿಮಾನಗಳನ್ನು ದೂರದ ದೇಶಗಳಿಂದ ಕೊಂಡು, ದೀರ್ಘಕಾಲ ಬಳಸಬೇಕಾಗಿದ್ದಿತು. ವಿಮಾನಕ್ಕೆ ವಯಸ್ಸಾದಂತೆ ಲೋಹದ ದಣಿವಿನಿಂದಲೂ ತುಕ್ಕಿನಿಂದಲೂ ಬಿರುಕುಗಳು ತಲೆದೋರುವುವು. ಅದುವರೆಗಿನ ಪದ್ಧತಿಯು ಬಿರುಕಿನ ಮೇಲೆ ಲೋಹದ ಹಲಗೆಯನ್ನಿಟ್ಟು ರಿವೆಟ್ಟು ಹೊಡೆಯುವುದು. ರಿವೆಟ್ಟಿಗೆ ತೂತು ಬೇಕು. ತೂತಿನ ಅಂಚಿನಲ್ಲಿ ಒತ್ತಡವು ಒಟ್ಟುಗೂಡುವುದು. ಅಲ್ಲಿಂದ ಹೊಸ ಬಿರುಕು ಹೊರಡುವುದು. ಒಂದು ಗಾಯವನ್ನು ಮುಚ್ಚಲು ಹತ್ತು ಗಾಯಗಳನ್ನು ಮಾಡಿದಂತೆ. ಅಂಟಿಸಿದ ತೇಪೆಗೆ ತೂತು ಬೇಡ. ಭಾರವು ಅಂಟಿನ ಪದರದ ಮೂಲಕ ತೇಪೆಗೆ ಹರಿದು, ಬಿರುಕನ್ನು ದಾಟಿ, ಮತ್ತೆ ಲೋಹಕ್ಕೆ ಇಳಿಯುವುದು. ಬಿರುಕಿನ ಬಾಯಿ ತೆರೆಯದಂತೆ ತೇಪೆಯು ಅದನ್ನು ಬಿಗಿಹಿಡಿಯುವುದು.

೧೯೭೫ರಲ್ಲಿ ಹರ್ಕ್ಯುಲಿಸ್ ಸಾಗಣೆವಿಮಾನದ ರೆಕ್ಕೆಯ ಹಲಗೆಗಳಲ್ಲಿ ತುಕ್ಕಿನಿಂದಾದ ಬಿರುಕುಗಳಿಗೆ ಈ ಚಿಕಿತ್ಸೆಯು ನಡೆಯಿತು. ಅದೇ ದಶಕದ ಕೊನೆಗೆ ಮಿರಾಜ್ ಯುದ್ಧವಿಮಾನದ ರೆಕ್ಕೆಯ ತಳಹೊದಿಕೆಯಲ್ಲಿ ದಣಿವಿನ ಬಿರುಕುಗಳನ್ನು ಹೀಗೆಯೇ ತಡೆದರು. ೧೯೯೩ರ ಸುಮಾರಿಗೆ ಅಮೆರಿಕದ ವಾಯುಸೇನೆಯು ತನ್ನ ಸ್ಟಾರ್‌ಲಿಫ್ಟರ್ ವಿಮಾನಗಳ ರೆಕ್ಕೆಯಲ್ಲಿ ಇಂಧನವು ಬಸಿಯುವ ಚಿಕ್ಕ ರಂಧ್ರಗಳ ಬಳಿ ಬಿರುಕು ಕಂಡಾಗ ಬೋರಾನಿನ ತೇಪೆಯನ್ನೇ ಆಶ್ರಯಿಸಿತು. ೧೯೯೭ರಲ್ಲಿ ಡೆಲ್ಟಾ ಸಂಸ್ಥೆಯ ಲಾಕ್‌ಹೀಡ್ ಎಲ್-೧೦೧೧ ಪ್ರಯಾಣಿಕವಿಮಾನದ ಬಾಗಿಲಿನ ಮೂಲೆಗೂ ಅಂಥ ತೇಪೆಯು ಬಿದ್ದಿತು.

ಮೆಲ್ಬರ್ನಿನವರು ಇಂಗಾಲವನ್ನು ಬಿಟ್ಟು, ಬೆಲೆಯಲ್ಲಿ ಹೆಚ್ಚಾದ ಬೋರಾನನ್ನು ಆರಿಸಿಕೊಂಡುದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಇಂಗಾಲವು ಅಲ್ಯೂಮಿನಿಯಮಿಗೆ ತಗುಲಿದರೆ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಲೋಹವು ಸವೆಯುವುದು. ಬೋರಾನಿನಲ್ಲಿ ಆ ಭಯವಿಲ್ಲ. ಬಿಸಿಯಿಂದ ಹಿಗ್ಗುವ ಪ್ರಮಾಣದಲ್ಲಿ ಬೋರಾನು ಇಂಗಾಲಕ್ಕಿಂತ ಅಲ್ಯೂಮಿನಿಯಮಿಗೆ ಹತ್ತಿರವಾದುದು. ಮೂರನೆಯ ಕಾರಣವೇ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು. ಬೋರಾನಿನ ತೇಪೆಯು ವಿದ್ಯುದ್ವಾಹಕವಲ್ಲವಾದ್ದರಿಂದ, ಸುಳಿವಿದ್ಯುತ್ತಿನ ಪರೀಕ್ಷಾಯಂತ್ರವನ್ನು ತೇಪೆಯ ಮೇಲೆಯೇ ಆಡಿಸಿ ಕೆಳಗಿನ ಲೋಹದ ಬಿರುಕು ಬೆಳೆದಿದೆಯೇ ಇಲ್ಲವೇ ಎಂಬುದನ್ನು ಅಳೆಯಬಹುದು. ಎಂದರೆ, ತೇಪೆಯನ್ನು ಯೋಜಿಸುವಾಗಲೇ ಅದರ ಮೂಲಕ ನೋಡುವ ಉಪಾಯವನ್ನೂ ಯೋಜಿಸಿದ್ದರು. ಸಂವೇದಕಯುಕ್ತ ತೇಪೆಯ ಬೀಜವು ಈ ಆಯ್ಕೆಯಲ್ಲಿಯೇ ಇದೆಯೆಂದು ಹೇಳುವುದು ಅತಿಶಯೋಕ್ತಿಯಾಗಲಾರದು.

೪

ತೇಪೆ ಹಾಕಿದ ಅಂಗದ ವಿಷಯದಲ್ಲಿ ಪರೀಕ್ಷಕನು ಕೇಳಬೇಕಾದ ಪ್ರಶ್ನೆಗಳು ಮೂರು. ಕೆಳಗಣ ಬಿರುಕು ಬೆಳೆದಿದೆಯೆ? ಅಂಟು ಎಲ್ಲಿಯಾದರೂ ಬಿಟ್ಟಿದೆಯೆ? ಬಿಡದಿರುವ ಅಂಟು ಎಷ್ಟು ಬಲವಾಗಿದೆ? ಮೊದಲನೆಯದಕ್ಕೆ ಸುಳಿವಿದ್ಯುತ್ತು ಉತ್ತರವನ್ನು ಕೊಟ್ಟಿತು. ಎರಡನೆಯದಕ್ಕೆ ಶ್ರವಣಾತೀತ ಧ್ವನಿಯು ಒದಗಿತು. ೧೯೨೦ರ ದಶಕದ ಕೊನೆಯಲ್ಲಿ ರಷ್ಯದ ಸೊಕೊಲೊವನು ಲೋಹದೊಳಗಿನ ದೋಷಗಳನ್ನು ಇಂಥ ಧ್ವನಿಯಿಂದ ಅರಿಯಬಹುದೆಂದು ಸೂಚಿಸಿದ್ದನು. ೧೯೪೦ರ ದಶಕದ ಆದಿಯಲ್ಲಿ ಅಮೆರಿಕದ ಫೈರ್‌ಸ್ಟೋನನು ಪ್ರತಿಧ್ವನಿಯನ್ನು ಹಿಡಿಯುವ ಯಂತ್ರವನ್ನು ನಿರ್ಮಿಸಿದನು. ಅಂಟು ಬಿಟ್ಟು ಗಾಳಿಯ ತೆಳುವಾದ ಪದರವು ಸೇರಿಕೊಂಡಲ್ಲಿ ಧ್ವನಿಯು ಮುಂದೆ ಹೋಗದೆ ಹಿಂದಿರುಗುವುದು.

ಮೂರನೆಯ ಪ್ರಶ್ನೆಯು ಹಾಗಲ್ಲ. ಅಂಟಿಸುವುದಕ್ಕೆ ಮುನ್ನ ಲೋಹದ ಮೈಯನ್ನು ಸರಿಯಾಗಿ ಸಂಸ್ಕರಿಸದಿದ್ದರೆ, ಎಣ್ಣೆಯ ಪಸೆಯೋ ತೇವವೋ ಉಳಿದಿದ್ದರೆ, ಎರಡು ಮೈಗಳೂ ಒಂದನ್ನೊಂದು ಮುಟ್ಟಿಕೊಂಡೇ ಇರುವುವು, ಆದರೆ ಹಿಡಿದುಕೊಂಡಿರುವುದಿಲ್ಲ. ಧ್ವನಿಯು ಅಡ್ಡಿಯಿಲ್ಲದೆ ದಾಟುವುದು. ಯಂತ್ರವು ಎಲ್ಲವೂ ಸರಿಯಾಗಿದೆಯೆಂದು ಹೇಳುವುದು. ಮುಂದೆ ತೇವವು ಅಂಟಿನ ಅಂಚಿನಿಂದ ಒಳಸೇರಿ ಲೋಹದ ಮೇಲಣ ಆಕ್ಸೈಡಿನ ಪೊರೆಯನ್ನು ಕೆಡಿಸಿದಾಗ, ವರ್ಷಗಳ ತರುವಾಯ, ತೇಪೆಯು ಸುಲಿದು ಬರುವುದು. ಆದಕಾರಣವೇ ಮೆಲ್ಬರ್ನಿನವರು ಮರಳಿನಂಥ ಕಣಗಳಿಂದ ಮೈಯನ್ನು ಉಜ್ಜಿ, ಸಿಲೇನ್ ಎಂಬ ದ್ರಾವಣವನ್ನು ಲೇಪಿಸುವ ಸಂಸ್ಕಾರಕ್ಕೆ ಅಷ್ಟೊಂದು ಮಹತ್ವವನ್ನು ಕೊಟ್ಟರು. ಅಂಟಿನ ಬಲವನ್ನು ಆಮೇಲೆ ಅಳೆಯಲಾಗದು. ಮೊದಲೇ ಶುಚಿಯಾಗಿ ಕೆಲಸಮಾಡಿ ಅದನ್ನು ಗಳಿಸಿಕೊಳ್ಳಬೇಕು.

೫

ಹೀಗಿರಲು, ಕಾಲಕಾಲಕ್ಕೆ ವಿಮಾನವನ್ನು ನಿಲ್ಲಿಸಿ ಪರೀಕ್ಷಿಸುವುದಕ್ಕಿಂತ, ತೇಪೆಯಲ್ಲಿಯೇ ಸಂವೇದಕವನ್ನಿಟ್ಟು ಅದು ಸಡಿಲವಾಗಲು ತೊಡಗಿದೊಡನೆಯೇ ಸುದ್ದಿ ತಿಳಿಯುವಂತೆ ಮಾಡಬಾರದೇಕೆ ಎಂಬ ಪ್ರಶ್ನೆಯು ಎದ್ದಿತು. ೧೯೯೦ರ ದಶಕದಲ್ಲಿ ಮೆಲ್ಬರ್ನಿನಲ್ಲಿ ಇದಕ್ಕೆ 'ಜಾಣ ತೇಪೆ' ಎಂಬ ಅರ್ಥದ ಹೆಸರೇ ರೂಢಿಗೆ ಬಂದಿತು. ಅದರ ಹಿಂದಿನ ತರ್ಕವು ಸರಳವೂ ಸುಂದರವೂ ಆಗಿದೆ. ಭಾರವು ಲೋಹದಿಂದ ತೇಪೆಗೆ ಏರುವುದು ತೇಪೆಯ ಅಂಚುಗಳಲ್ಲಿ. ಅಂಟಿನ ಮೇಲೆ ಜಗ್ಗಾಟವು ಹೆಚ್ಚಾಗಿರುವುದೂ ಅಲ್ಲಿಯೇ. ಅಂಚಿನಲ್ಲಿ ಅಂಟು ಬಿಟ್ಟರೆ ಅಷ್ಟು ಭಾಗವು ಭಾರವನ್ನು ಹೊರುವುದಿಲ್ಲ. ಅಲ್ಲಿನ ಹಿಗ್ಗು ಸೊನ್ನೆಗಿಳಿಯುವುದು. ಆದುದರಿಂದ ತೇಪೆಯ ಅಂಚಿನಲ್ಲಿ ಒಂದು ಅಳತೆಗಾರನನ್ನೂ ದೂರದ ಲೋಹದ ಮೇಲೆ ಇನ್ನೊಂದನ್ನೂ ಅಂಟಿಸಿ, ಎರಡರ ಹಿಗ್ಗಿನ ಪ್ರಮಾಣವನ್ನು ನೋಡುತ್ತಿದ್ದರೆ ಸಾಕು. ವಿಮಾನದ ಮೇಲೆ ಭಾರವು ಹೆಚ್ಚಿರಲಿ ಕಡಮೆಯಿರಲಿ, ಅಂಟು ಭದ್ರವಾಗಿರುವವರೆಗೆ ಆ ಪ್ರಮಾಣವು ಬದಲಾಗದು. ಅದು ಕುಗ್ಗತೊಡಗಿದರೆ ತೇಪೆಯು ಬಿಡುತ್ತಿದೆಯೆಂದು ತಿಳಿಯಬೇಕು. ಎಫ್/ಎ-೧೮ ವಿಮಾನದ ರೆಕ್ಕೆಯ ಹಿಂಬದಿಯ ಐಲೆರಾನ್ ಕೀಲಿನ ಮೇಲೆ ಇಂಥ ತೇಪೆಯನ್ನಿಟ್ಟು, ವಿಮಾನದ ಅದಿರಾಟದಿಂದಲೇ ಉಪಕರಣಕ್ಕೆ ವಿದ್ಯುತ್ತನ್ನು ಪಡೆಯುವ ಪ್ರಯತ್ನವನ್ನು ಸಹ ಆ ಸಂಶೋಧಕರು ಕೈಗೊಂಡರು.

ಈ ಸಂವೇದಕಗಳ ಹಿಂದೆ ಹಳೆಯ ಭೌತಶಾಸ್ತ್ರವೇ ಇದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಜಾಕ್ ಕ್ಯೂರಿ, ಪಿಯೆರ್ ಕ್ಯೂರಿ ಎಂಬ ಸಹೋದರರು ೧೮೮೦ರಲ್ಲಿ ಕಂಡುಹಿಡಿದರು. ವಿದ್ಯುತ್ತನ್ನು ಹಾಯಿಸಿದರೆ ಅದೇ ಹರಳು ಅದಿರುವುದು. ಆದುದರಿಂದ ಒಂದೇ ಬಿಲ್ಲೆಯು ಬಾಯಿಯೂ ಕಿವಿಯೂ ಆಗಬಲ್ಲುದು. ತೆಳುವಾದ ಹಲಗೆಯಲ್ಲಿ ಕಂಪನವು ಹೇಗೆ ಹರಿಯುವುದೆಂಬುದನ್ನು ೧೯೧೭ರಲ್ಲಿ ಹೊರೇಸ್ ಲ್ಯಾಂಬ್ ಎಂಬ ಗಣಿತಜ್ಞನು ವಿವರಿಸಿದನು. ಅವನ ಹೆಸರಿನ ಅಲೆಗಳು ಹಲಗೆಯ ಉದ್ದಕ್ಕೂ ಬಹುದೂರ ಸಾಗುವುದರಿಂದ, ನಾಲ್ಕಾರು ಬಿಲ್ಲೆಗಳನ್ನು ತೇಪೆಯ ಸುತ್ತ ಅಂಟಿಸಿ ಒಂದರಿಂದ ಕೂಗಿಸಿ ಉಳಿದವುಗಳಿಂದ ಕೇಳಿಸಿಕೊಳ್ಳಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಫೂ-ಕುವೊ ಚಾಂಗ್ ಅವರು ಇಂಥ ಬಿಲ್ಲೆಗಳ ಸಾಲನ್ನೇ ತೆಳುವಾದ ಪೊರೆಯಲ್ಲಿ ಹೊಲಿದಂತೆ ಕೂರಿಸುವ ಕ್ರಮವನ್ನು ಬೆಳಕಿಗೆ ತಂದರು.

ಬೆಳಕಿನ ತಂತುವು ಎರಡನೆಯ ಸಾಧನ. ೧೯೭೮ರಲ್ಲಿ ಕೆನಡಾದ ಆಟವಾದಲ್ಲಿ ಕೆನೆತ್ ಹಿಲ್ ಮತ್ತು ಅವರ ಸಂಗಡಿಗರು ಗಾಜಿನ ತಂತುವಿನ ಒಳಮೈಯಲ್ಲಿ ಬೆಳಕಿನಿಂದಲೇ ಸೂಕ್ಷ್ಮವಾದ ಗೆರೆಗಳನ್ನು ಮೂಡಿಸಬಹುದೆಂದು ತೋರಿಸಿದರು. ೧೯೮೯ರಲ್ಲಿ ಅಮೆರಿಕದ ಮೆಲ್ಟ್ಸ್ ಮೊದಲಾದವರು ಅವುಗಳನ್ನು ಪಕ್ಕದಿಂದ ಬರೆಯುವ ಸುಲಭ ವಿಧಾನವನ್ನು ಕಂಡುಕೊಂಡರು. ಬ್ರಾಗ್ ಜಾಲಕವೆನ್ನಿಸಿಕೊಳ್ಳುವ ಈ ಗೆರೆಗಳ ಸಾಲು ಒಂದೇ ಬಣ್ಣದ ಬೆಳಕನ್ನು ಹಿಂದಿರುಗಿಸುವುದು. ತಂತುವು ಹಿಗ್ಗಿದರೆ ಗೆರೆಗಳ ಅಂತರವು ಹಿಗ್ಗಿ, ಹಿಂದಿರುಗುವ ಬೆಳಕಿನ ಅಲೆಯುದ್ದವು ಬದಲಾಗುವುದು. ೧೫೫೦ ನ್ಯಾನೋಮೀಟರಿನ ಬೆಳಕಿನಲ್ಲಿ, ಉದ್ದದ ಹತ್ತು ಲಕ್ಷದಲ್ಲೊಂದು ಪಾಲಿನ ಹಿಗ್ಗಿಗೆ ಸುಮಾರು ೧.೨ ಪೈಕೋಮೀಟರಿನಷ್ಟು ವ್ಯತ್ಯಾಸವಾಗುವುದು.

ಮೂರನೆಯದು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬೆಳೆದ ನಿರ್ವಾತದ ಉಪಾಯ. ರಬ್ಬರಿನಂಥ ಪೊರೆಯಲ್ಲಿ ಕೂದಲಿನಂಥ ಕಾಲುವೆಗಳನ್ನು ಕೊರೆದು ಮೈಗೆ ಅಂಟಿಸುವರು. ಒಂದು ಬಿಟ್ಟು ಒಂದು ಕಾಲುವೆಯಿಂದ ಗಾಳಿಯನ್ನು ಹೀರಿಬಿಡುವರು. ಬಿರುಕು ಒಂದು ಕಾಲುವೆಯಿಂದ ಇನ್ನೊಂದಕ್ಕೆ ಹಾದರೆ ಗಾಳಿಯು ಸೋರಿ ನಿರ್ವಾತವು ಕೆಡುವುದು. ಲೆಕ್ಕಾಚಾರದ ಜಟಿಲತೆಯಿಲ್ಲದ ಈ ಉಪಾಯವು ಸರಳತೆಯ ಬಲದಿಂದಲೇ ಪ್ರಯಾಣಿಕವಿಮಾನಗಳ ಪರೀಕ್ಷೆಗೆ ಅಂಗೀಕಾರವನ್ನು ಪಡೆಯಿತು.

೬

ಈ ಸಾಧನಗಳನ್ನು ಹೊಸ ಅಂಗದಲ್ಲಿಡುವುದೇ ಬೇರೆ, ದುರಸ್ತಿಯಾದ ಅಂಗದಲ್ಲಿಡುವುದೇ ಬೇರೆ. ಲ್ಯಾಂಬ್ ಅಲೆಗಳ ಪರೀಕ್ಷೆಯು ಆರೋಗ್ಯದ ಕಾಲದ ದಾಖಲೆಯನ್ನು ಈಗಿನದರೊಡನೆ ಹೋಲಿಸುವುದರ ಮೇಲೆ ನಿಂತಿದೆ. ತೇಪೆ ಬಿದ್ದೊಡನೆ ಹಲಗೆಯ ದಪ್ಪವು ಬದಲಾಗುವುದು. ಅಲೆಯ ವೇಗವು ದಪ್ಪವನ್ನು ಅನುಸರಿಸುವುದರಿಂದ ಹಳೆಯ ದಾಖಲೆಯು ನಿರರ್ಥಕವಾಗಿ, ಅಂಗಕ್ಕೆ ಹೊಸ ಜಾತಕವನ್ನೇ ಬರೆಯಬೇಕಾಗುವುದು. ಆರೋಗ್ಯವಾದ ತೇಪೆಯ ಅಂಚು ಸಹ ಅಲೆಯನ್ನು ಹಿಂದಿರುಗಿಸುವುದರಿಂದ, ಅದರ ಸದ್ದಿನ ನಡುವೆ ದೋಷದ ಸದ್ದನ್ನು ಬೇರ್ಪಡಿಸಬೇಕು. ತಾಪದ ಏರಿಳಿತವೂ ದಾಖಲೆಯನ್ನು ಕದಲಿಸುವುದು. ಬೆಳಕಿನ ತಂತುವಿನಲ್ಲಿ ಒಂದು ಡಿಗ್ರಿ ಸೆಲ್ಸಿಯಸ್ಸಿನ ಬದಲಾವಣೆಯು ಹತ್ತು ಲಕ್ಷದಲ್ಲಿ ಏಳೆಂಟು ಪಾಲಿನ ಹಿಗ್ಗಿನಂತೆ ಕಾಣುವುದು; ನೆಲದ ಬಿಸಿಲಿನಿಂದ ಐವತ್ತು ಡಿಗ್ರಿ ಮೈನಸ್ಸಿನ ಮೇಲ್ಗಾಳಿಗೆ ಏರುವ ವಿಮಾನದಲ್ಲಿ ಇದು ಅಲಕ್ಷ್ಯಮಾಡತಕ್ಕ ಮಾತಲ್ಲ. ಮೇಲಾಗಿ ತಂತುವಿನ ವ್ಯಾಸವು ೧೨೫ ಮೈಕ್ರೋಮೀಟರು. ಇಂಗಾಲದ ಎಳೆಯದು ಏಳರ ಸುಮಾರು. ಪದರಗಳ ನಡುವೆ ಅಡ್ಡಲಾಗಿ ಇಟ್ಟರೆ ಅದರ ಇಕ್ಕೆಲದಲ್ಲಿ ರಾಳವು ತುಂಬಿದ ಕಣ್ಣಿನಾಕಾರದ ಎಡೆಯುಳಿದು, ಕಾವಲುಗಾರನೇ ಕಳ್ಳನಿಗೆ ಕಿಂಡಿಯನ್ನು ತೆರೆದಂತಾಗಬಹುದು.

ಅಂಗವೇ ಇಂಗಾಲದ ಸಂಯೋಜಿತ ದ್ರವ್ಯದ್ದಾದರೆ ಸಮಸ್ಯೆಯು ಇನ್ನೂ ತೊಡಕಾದುದು. ಕೈಜಾರಿದ ಉಪಕರಣವೊಂದು ಬಡಿದರೆ ಲೋಹವು ತಗ್ಗಾಗಿ ಪೆಟ್ಟನ್ನು ತೋರಿಸುವುದು. ಸಂಯೋಜಿತ ದ್ರವ್ಯದ ಹೊರಮೈ ಮೊದಲಿನಂತೆಯೇ ಇದ್ದು ಒಳಗೆ ಪದರಗಳು ಬಿಚ್ಚಿಕೊಂಡಿರುವುವು. ಅದನ್ನು ದುರಸ್ತಿಮಾಡಲು ಕೆಟ್ಟ ಭಾಗವನ್ನು ತೆಗೆದು, ಸುತ್ತಲೂ ಇಳಿಜಾರಾಗಿ ಕೆತ್ತಿ, ಹೊಸ ಪದರಗಳನ್ನು ಒಂದೊಂದಾಗಿ ಕೂರಿಸುವರು. ಇಳಿಜಾರು ಇಪ್ಪತ್ತಕ್ಕೆ ಒಂದರಂತಿದ್ದರೆ, ೩ ಮಿಲಿಮೀಟರು ದಪ್ಪದ ಹೊದಿಕೆಯಲ್ಲಿ ೨೦ ಮಿಲಿಮೀಟರಿನ ಗಾಯವು ಸುತ್ತಲೂ ೬೦ ಮಿಲಿಮೀಟರಿನಷ್ಟು ಹರಡಿ, ೧೪೦ ಮಿಲಿಮೀಟರಿನ ವೃತ್ತವಾಗುವುದು. ಆರೋಗ್ಯವಾದ ಭಾಗವನ್ನು ಅಷ್ಟು ಕೆತ್ತಿದ ಮೇಲೆ, ಆ ವೃತ್ತದ ಬಲವೆಲ್ಲವೂ ಅಂಟಿನ ಒಂದು ತೆಳುವಾದ ಪದರವನ್ನೇ ನಂಬಿ ನಿಲ್ಲುವುದು.

ಈ ನಂಬಿಕೆಯ ಬೆಲೆಯೇನೆಂಬುದನ್ನು ೨೦೦೫ರ ಎರಡು ಸಂಗತಿಗಳು ತಿಳಿಸುವುವು. ಆ ವರ್ಷದ ಮಾರ್ಚ್ ೬ರಂದು ಕ್ಯೂಬಾದ ವರಡೇರೊ ಪಟ್ಟಣದಿಂದ ಕೆನಡಾದ ಕ್ವಿಬೆಕ್ಕಿಗೆ ಹೊರಟ ಏರ್ ಟ್ರಾನ್ಸಾಟ್ ಸಂಸ್ಥೆಯ ಏರ್‌ಬಸ್ ಎ-೩೧೦ ವಿಮಾನದ ಚುಕ್ಕಾಣಿಯು ಆಕಾಶದಲ್ಲಿಯೇ ಕಳಚಿಹೋಯಿತು. ವಿಮಾನವು ವರಡೇರೊಗೆ ಹಿಂದಿರುಗಿ ಕ್ಷೇಮವಾಗಿ ಇಳಿದುದು ಪ್ರಯಾಣಿಕರ ಪುಣ್ಯವೇ ಸರಿ. ಆ ಚುಕ್ಕಾಣಿಯು ಜೇನುಹುಟ್ಟಿನಂಥ ತಿರುಳಿಗೆ ಸಂಯೋಜಿತ ದ್ರವ್ಯದ ಹೊದಿಕೆಯನ್ನು ಅಂಟಿಸಿ ಮಾಡಿದುದಾಗಿದ್ದಿತು. ಅಂಥ ಅಂಗದಲ್ಲಿ ಅಂಟು ಬಿಟ್ಟ ಜಾಗವು ಹಾರಾಟದಲ್ಲಿ ಬೆಳೆಯಬಲ್ಲುದೆಂದೂ, ಆಗಿನ ಪರೀಕ್ಷಾಕ್ರಮವು ಅದನ್ನು ಹಿಡಿಯಲು ಸಾಲದೆಂದೂ ಕೆನಡಾದ ವಿಚಾರಣಾಮಂಡಲಿಯು ೨೦೦೭ರಲ್ಲಿ ಅಭಿಪ್ರಾಯಪಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದಲ್ಲಿ ಎ-೩೦೦ ಜಾತಿಯ ಸರಕುವಿಮಾನವೊಂದರ ಚುಕ್ಕಾಣಿಯನ್ನು ಬಿಚ್ಚಿ ನೋಡಿದಾಗ, ಹೈಡ್ರಾಲಿಕ್ ಎಣ್ಣೆಯು ಒಳಸೇರಿ ತಿರುಳಿನಿಂದ ಹೊದಿಕೆಯು ಬಿಟ್ಟುಕೊಂಡಿದ್ದುದು ಕಂಡುಬಂದಿತು. ಹೊರಮೈಯನ್ನು ತಟ್ಟಿ ನೋಡುವ ಪರೀಕ್ಷೆಯಿಂದ ಒಳಹೊದಿಕೆಯ ದೋಷವು ತಿಳಿಯುವ ಸಂಭವವು ಕಡಮೆಯೆಂದು ಅಲ್ಲಿನ ಸುರಕ್ಷತಾಮಂಡಲಿಯು ೨೦೦೬ರಲ್ಲಿ ಎಚ್ಚರಿಸಿತು. ಗಡಿಗೆಯನ್ನು ತಟ್ಟುವ ವಿದ್ಯೆಗೆ ಇಲ್ಲಿ ಮೇರೆಯು ಬಂದಿತು.

೭

ಸಂವೇದಕಗಳು ಬಂದ ಮೇಲೆ ತೇಪೆಯನ್ನು ನಿಶ್ಚಿಂತೆಯಿಂದ ನಂಬಬಹುದೆಂಬ ಅಭಿಪ್ರಾಯವು ಕೆಲವೆಡೆ ಕೇಳಿಬರುವುದುಂಟು. ಚರಿತ್ರೆಯನ್ನು ಪರಾಮರ್ಶಿಸಿದರೆ ಈ ಅಭಿಪ್ರಾಯವು ಪೂರ್ತಿಯಾಗಿ ನಿಲ್ಲಲಾರದು. ಮೇಲೆ ಹೇಳಿದ ಮೂರು ಪ್ರಶ್ನೆಗಳಲ್ಲಿ ಮೊದಲೆರಡಕ್ಕೆ ಸಂವೇದಕವು ಉತ್ತರವನ್ನು ಕೊಡಬಲ್ಲುದು. ಅದೂ ತಾನು ಕುಳಿತ ಜಾಗದ ಸುತ್ತಮುತ್ತ. ಮೂರನೆಯದು, ಎಂದರೆ ಬಿಡದಿರುವ ಅಂಟು ನಾಳೆಯೂ ಹಿಡಿದೀತೆ ಎಂಬುದು, ಇಂದಿಗೂ ಸಾಧನಗಳ ಅಳತೆಗೆ ಸಿಕ್ಕಿಲ್ಲ. ಇದಲ್ಲದೆ ಸಂವೇದಕವನ್ನು ಕೂರಿಸುವುದೂ ಅಂಟಿನಿಂದಲೇ. ಸಂವೇದಕವು ಸುಮ್ಮನಾದರೆ ತೇಪೆಯು ಬಿಟ್ಟಿತೋ ಸಂವೇದಕವೇ ಬಿಟ್ಟಿತೋ ಎಂಬ ಸಂದೇಹವು ಏಳುವುದು. ವಿಮಾನದ ಆಯುಸ್ಸು ದಶಕಗಳದ್ದು. ಕಾವಲುಗಾರನು ಕಾಯಲ್ಪಡುವವನಿಗಿಂತ ಹೆಚ್ಚು ಕಾಲ ಬಾಳದಿದ್ದರೆ ಕಾವಲಿನ ಪ್ರಯೋಜನವೇನು?

ವಿಮಾನಯಾನದ ಕಾನೂನು ಈ ಸಂದೇಹವನ್ನು ಗಂಭೀರವಾಗಿಯೇ ಎಣಿಸಿದೆ. ಅಂಟು ಬಿಟ್ಟರೆ ವಿಮಾನವೇ ನಾಶವಾಗುವಂಥ ಸಂಧಿಗಳ ವಿಷಯದಲ್ಲಿ ಅಮೆರಿಕದ ವಿಮಾನಯಾನ ಆಡಳಿತದ ೨೦೦೯ರ ಮಾರ್ಗದರ್ಶಿಯು ಮೂರು ದಾರಿಗಳನ್ನು ಹೇಳುವುದು: ಅಂಟು ಬಿಡಬಹುದಾದ ವಿಸ್ತಾರಕ್ಕೆ ರಚನೆಯಿಂದಲೇ ಮಿತಿಯನ್ನಿಟ್ಟು, ಅಷ್ಟು ಬಿಟ್ಟರೂ ಅಂಗವು ನಿಯತವಾದ ಗರಿಷ್ಠ ಭಾರವನ್ನು ತಾಳುವುದೆಂದು ತೋರಿಸುವುದು, ಪ್ರತಿಯೊಂದು ಅಂಗದ ಮೇಲೂ ಭಾರವನ್ನು ಹೇರಿ ಪರೀಕ್ಷಿಸುವುದು, ಇಲ್ಲವೇ ಪ್ರತಿಯೊಂದು ಸಂಧಿಯ ಬಲವನ್ನೂ ಕೆಡಿಸದೆ ಅಳೆಯುವ ನಂಬಿಕೆಗೆ ತಕ್ಕ ವಿಧಾನವನ್ನು ಬಳಸುವುದು. ಮೂರನೆಯ ದಾರಿಯು ಕಾಗದದ ಮೇಲೆ ತೆರೆದಿದೆ, ನಡೆಯುವವರಿಗೆ ಇನ್ನೂ ತೆರೆದಿಲ್ಲ. ದುರಸ್ತಿಯಾದ ಅಂಗದ ಮೇಲೆ ಭಾರವನ್ನು ಹೇರಿ ನೋಡುವುದು ಬಹುಮಟ್ಟಿಗೆ ಅಸಾಧ್ಯ. ಉಳಿದುದು ಮೊದಲನೆಯ ದಾರಿಯೊಂದೆ. ೨೦೧೪ರಲ್ಲಿ ಅದೇ ಆಡಳಿತವು ಅಂಟಿಸಿದ ತೇಪೆಯ ಗಾತ್ರಕ್ಕೆ ಮಿತಿಯನ್ನು ವಿಧಿಸಿದುದರ ತಾತ್ಪರ್ಯವೂ ಇದೇ: ತೇಪೆಯು ಸಂಪೂರ್ಣವಾಗಿ ಕಳಚಿದರೂ ವಿಮಾನವು ಉಳಿಯಬೇಕು.

ಈ ಚರಿತ್ರೆಯು ಕನ್ನಡನಾಡಿಗೆ ದೂರದ ಸುದ್ದಿಯಲ್ಲ. ೧೯೪೦ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ಸ್ಥಾಪನೆಯಾಯಿತು. ೧೯೫೯ರಲ್ಲಿ ಆರಂಭವಾದ ರಾಷ್ಟ್ರೀಯ ವಿಮಾನಶಾಸ್ತ್ರ ಸಂಶೋಧನಾಲಯವೂ ಬೆಂಗಳೂರಿನಲ್ಲಿಯೇ ನೆಲೆಗೊಂಡು, ಸಂಯೋಜಿತ ದ್ರವ್ಯಗಳ ವಿದ್ಯೆಯನ್ನು ಬೆಳಸಿತು. ೨೦೦೧ರ ಜನವರಿ ೪ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ವಿಮಾನದ ರೆಕ್ಕೆಯೂ ಬಾಲದ ನೆಟ್ಟರೆಕ್ಕೆಯೂ ಇಂಗಾಲದ ಸಂಯೋಜಿತ ದ್ರವ್ಯದವು. ಅನೇಕ ಭಾಗಗಳನ್ನು ಬಿಡಿಬಿಡಿಯಾಗಿ ಮಾಡಿ ಕೂಡಿಸುವ ಬದಲು, ಹಸಿಯ ಪದರಗಳನ್ನು ಒಟ್ಟಿಗೆ ಜೋಡಿಸಿ ಒಂದೇ ಬಾರಿಗೆ ಬೇಯಿಸುವ ವಿಧಾನವನ್ನು ಸಂಶೋಧನಾಲಯವು ಸಾಧಿಸಿಕೊಂಡಿತು. ಸಂಧಿಗಳನ್ನೇ ಕಡಮೆಮಾಡಿದರೆ ಸಂಧಿಗಳ ಸಂದೇಹವೂ ಕಡಮೆಯಾಗುವುದು. ಆದರೆ ಆ ಅಂಗಗಳಿಗೂ ವಯಸ್ಸಾಗುವುದು, ಪೆಟ್ಟುಬೀಳುವುದು; ಆಗ ತೇಪೆಯೂ ಅದರೊಡನೆ ಈ ಹಳೆಯ ಪ್ರಶ್ನೆಯೂ ಇಲ್ಲಿಗೆ ಬಂದೇ ತೀರುವುವು.

ಮೆಲ್ಬರ್ನಿನ ಮೊದಲಿಗರು ಹಿಡಿದ ಕ್ರಮವೇ ಇಲ್ಲಿಯೂ ಮಾರ್ಗದರ್ಶಕವಾಗತಕ್ಕುದು. ಅವರು ಮೈಯನ್ನು ಶುಚಿಮಾಡುವುದರಲ್ಲಿ ಜಾಗರೂಕರಾಗಿದ್ದರು. ನೋಡಲು ಅನುಕೂಲವಾದ ದ್ರವ್ಯವನ್ನು ಆರಿಸಿಕೊಂಡರು. ಅನಂತರವೇ ಸಂವೇದಕವನ್ನು ಇಟ್ಟರು. ಈ ಅನುಕ್ರಮವನ್ನು ತಿರುವುಮುರುವು ಮಾಡಿ, ಸಂವೇದಕವಿದೆಯೆಂಬ ಧೈರ್ಯದಿಂದ ಶುಚಿಯಲ್ಲಿ ಉದಾಸೀನನಾಗುವ ಕುಶಲಕರ್ಮಿಯನ್ನು ಯಾವ ಯಂತ್ರವೂ ಎಚ್ಚರಿಸಲಾರದು. ಸಂವೇದಕವು ತೇಪೆಯ ಸೋಲನ್ನು ಬೇಗನೆ ತಿಳಿಸಬಲ್ಲುದು. ತೇಪೆಯನ್ನು ಗೆಲ್ಲಿಸುವ ಶಕ್ತಿಯು ಅದಕ್ಕಿಲ್ಲ. ಆ ಗೆಲುವು ಅಂಟನ್ನು ಹಚ್ಚುವ ಮುನ್ನ ಮೈಯನ್ನು ಉಜ್ಜುವ ಕೈಯಲ್ಲಿದೆ.